ಗಿಂಪ್ 3ರಲ್ಲಿ ಕಾಲ್ಪನಿಕ ನಾಡಿನ ನಕ್ಷೆ: ಮಾಸ್ಕ್ ಒಳಗಿರಲಿ, ಎಫೆಕ್ಟ್ ಹೊರಗಿರಲಿ

ಕಥೆಗೋ ಆಟಕ್ಕೋ ಬೇಕಾದ ಕಾಲ್ಪನಿಕ ನಾಡಿನ ನಕ್ಷೆ ಮಾಡಲು ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್‌ಗಳ ಪೈಕಿ ಚಿತ್ರ ತಿದ್ದುವ ಗಿಂಪ್‌ಗೆ 5ಕ್ಕೆ 4 ಅಂಕ ಕೊಡಬಹುದು. ಹಳೆಯ 2.10 ಆವೃತ್ತಿ ಆಗಿದ್ದರೆ 3 ದಾಟುತ್ತಿರಲಿಲ್ಲ. ಅದರಲ್ಲಿ ಡ್ರಾಪ್ ಶಾಡೋ (ಆಕಾರದ ಹಿಂದೆ ಬೀಳುವ ನೆರಳು) ಹಾಕಿದ ಕೂಡಲೇ ಪಿಕ್ಸೆಲ್‌ಗಳಲ್ಲೇ ಬೆರೆತುಹೋಗುತ್ತಿತ್ತು; ಕರಾವಳಿಯ ಒಂದು ಮೂಲೆ ತಿದ್ದಿದರೂ ನೆರಳನ್ನು ಮತ್ತೆ ಮೊದಲಿಂದ ಹಾಕಬೇಕಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0ರಿಂದ ಇಂಥ ಫಿಲ್ಟರ್‌ಗಳು, ಅಂದರೆ ಎಫೆಕ್ಟ್‌ಗಳು, ಲೇಯರ್ (ಚಿತ್ರದ ಒಂದು ಪದರ) ಪಕ್ಕದ ‘ಎಫ್ಎಕ್ಸ್’ ಗುರುತಿನಡಿ ಉಳಿಯುತ್ತವೆ, ಯಾವಾಗ ಬೇಕಾದರೂ ತೆರೆದು ಅಂಕಿ ಬದಲಿಸಬಹುದು. ಲೇಯರ್‌ನಲ್ಲಿ ಬಿಳಿ ಇರುವ ಕಡೆ ತೋರಿಸಿ ಕಪ್ಪು ಇರುವ ಕಡೆ ಮರೆಮಾಡುವ ಮಾಸ್ಕ್‌ಗಳು ಮುಂಚಿನಿಂದಲೂ ಚೆನ್ನಾಗಿಯೇ ಇದ್ದವು. ತೊಡಕು ಇರುವುದು ಇವೆರಡೂ ಕೂಡುವ ಕಡೆ.

ಮೊದಲು ಅಳತೆ. ಎ3 ಕಾಗದಕ್ಕೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 4961 × 3508 ಪಿಕ್ಸೆಲ್ ಬೇಕು. 8 ಬಿಟ್‌ನಲ್ಲಿ ಇಂಥ ಒಂದು ಪೂರ್ಣ ಲೇಯರ್‌ಗೆ ಸುಮಾರು 70 ಎಂಬಿ, 32 ಬಿಟ್ ಫ್ಲೋಟ್‌ನಲ್ಲಿ ಸುಮಾರು 280 ಎಂಬಿ. ಇಪ್ಪತ್ತು ಲೇಯರ್ ಆಗುವುದು ನಕ್ಷೆಯಲ್ಲಿ ಮಾಮೂಲು, ಹಾಗಾಗಿ 8 ಜಿಬಿ ರ‍್ಯಾಮ್ ಇರುವವರು 32 ಬಿಟ್‌ನ ತಂಟೆಗೆ ಹೋಗದಿರುವುದೇ ಲೇಸು. ಮಾಸ್ಕ್‌ಗೆ ಒಂದೇ ಚಾನೆಲ್; ಲೇಯರ್‌ನ ಕಾಲು ಭಾಗದಷ್ಟೇ ಜಾಗ ಸಾಕು.

ನೆಲದ ಆಕಾರಕ್ಕೆ ಹೊಸ ಲೇಯರ್‌ನಲ್ಲಿ ಸಾಲಿಡ್ ನಾಯ್ಸ್ (ಮೋಡದಂಥ ಕಪ್ಪು-ಬಿಳಿ ಕಲೆಗಳು) ಹಾಕಿ: ಡೀಟೇಲ್ 15, ಎಕ್ಸ್ ಮತ್ತು ವೈ ಅಳತೆ 4ರ ಆಸುಪಾಸು. ಅದರ ಮೇಲಿನ ಲೇಯರ್‌ನಲ್ಲಿ ನಡುವೆ ಬಿಳಿ, ಅಂಚಿಗೆ ಕಪ್ಪು ಇರುವ ರೇಡಿಯಲ್ ಗ್ರೇಡಿಯಂಟ್ ಎಳೆದು ಮೋಡ್ ಅನ್ನು ಮಲ್ಟಿಪ್ಲೈ ಮಾಡಿ. ನೆಲ ಕಾಗದದ ಅಂಚಿಗೆ ತಾಗದಂತೆ ಕಾಯುವುದು ಇದೇ. ನ್ಯೂ ಫ್ರಮ್ ವಿಸಿಬಲ್ ಕೊಟ್ಟು, ಬಂದ ಲೇಯರ್‌ಗೆ ಥ್ರೆಶೋಲ್ಡ್ (ಎಲ್ಲವನ್ನೂ ಬರೀ ಕಪ್ಪು ಅಥವಾ ಬಿಳಿ ಮಾಡುವ ಫಿಲ್ಟರ್) ಹಾಕಿ; ಬಿಳಿಯೇ ನೆಲ. ಮಲ್ಟಿಪ್ಲೈಯಿಂದ ಚಿತ್ರ ಮಂಕಾಗಿರುತ್ತದೆ, ನಡು ಅಂಕಿಯಲ್ಲಿ ನೆಲವೇ ಕಾಣದಿದ್ದರೆ ಗಾಬರಿ ಬೇಡ, ಎಡಕ್ಕೆ ಎಳೆಯುತ್ತಾ ಹೋಗಿ. ಥ್ರೆಶೋಲ್ಡ್ ಕೊಡುವ ಅಂಚು ಗರಗಸದ ಹಲ್ಲಿನಂತಿರುತ್ತದೆ. 2 ಪಿಕ್ಸೆಲ್ ಗಾಸಿಯನ್ ಬ್ಲರ್ ಹಾಕಿ, ಲೆವೆಲ್ಸ್‌ನಲ್ಲಿ ಇನ್‌ಪುಟ್ ಅನ್ನು 100 ಮತ್ತು 155ಕ್ಕೆ ತಂದರೆ ಅಂಚು ನಯವಾಗಿಯೂ ಚೂಪಾಗಿಯೂ ಬರುತ್ತದೆ. ಈ ಮೂರೂ ಫಿಲ್ಟರ್‌ಗಳನ್ನು ಲೇಯರ್‌ಗೆ ಮರ್ಜ್ ಮಾಡಿ, ಅದೇ ಲೇಯರ್‌ಗೆ ‘ಗ್ರೇಸ್ಕೇಲ್ ಕಾಪಿ ಆಫ್ ಲೇಯರ್’ ಆಯ್ಕೆಯಿಂದ ಮಾಸ್ಕ್ ಸೇರಿಸಿ. ಆಮೇಲೆ ಲೇಯರ್‌ನ ಥಂಬ್‌ನೇಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಬಳಿಕವೇ ಮಣ್ಣಿನ ಬಣ್ಣ ತುಂಬಿ. ಆ ಒಂದು ಕ್ಲಿಕ್ ತಪ್ಪಿದರೆ ಬಣ್ಣ ಮಾಸ್ಕ್‌ಗೆ ಬೀಳುತ್ತದೆ, ಕರಾವಳಿ ಪೂರ್ತಿ ಮಾಯ.

ಈಗ ಮುಖ್ಯ ಸಂಗತಿ. ಫೋಟೋಶಾಪ್‌ನಲ್ಲಿ ಲೇಯರ್ ಎಫೆಕ್ಟ್ ತಾನಾಗಿಯೇ ಮಾಸ್ಕ್‌ನ ಆಕಾರ ಹಿಡಿಯುತ್ತದೆ. ಅದನ್ನು ನಂಬಿ ಬರೆದ ಪಾಠಗಳನ್ನು ಗಿಂಪ್‌ನಲ್ಲಿ ಹಾಗೇ ಮಾಡಿದರೆ ಕರಾವಳಿಗೆ ನೆರಳು ಬರುವುದೇ ಇಲ್ಲ. ಇಲ್ಲಿ ಫಿಲ್ಟರ್ ಮೊದಲು, ಮಾಸ್ಕ್ ಆಮೇಲೆ. ಕ್ಯಾನ್ವಾಸ್ ತುಂಬ ಹರಡಿದ ಮಣ್ಣಿನ ಬಣ್ಣದ ಸುತ್ತ ನೆರಳು ಹುಟ್ಟುತ್ತದೆ, ಮಾಸ್ಕ್ ಬಂದು ಅದನ್ನು ಕತ್ತರಿಸಿ ಹಾಕುತ್ತದೆ. ಪರಿಹಾರ ಸರಳ: ನೆಲದ ಲೇಯರ್ ಅನ್ನು ಒಂದು ಲೇಯರ್ ಗ್ರೂಪ್‌ನೊಳಗೆ ಹಾಕಿ, ಗ್ರೂಪ್‌ನ ಮೋಡ್ ನಾರ್ಮಲ್ ಇರಲಿ, ಎಫೆಕ್ಟ್ ಅನ್ನು ಗ್ರೂಪ್‌ಗೆ ಕೊಡಿ. ಒಳಗೆ ಕತ್ತರಿಸಿ ಮುಗಿದ ಆಕಾರವೇ ಗ್ರೂಪ್‌ನ ಫಿಲ್ಟರ್‌ಗೆ ಸಿಗುತ್ತದೆ. ಇಷ್ಟು ಮನಸ್ಸಿಗೆ ಹತ್ತಿದರೆ ಮಿಕ್ಕ ಕೆಲಸವೆಲ್ಲ ಸಲೀಸು.

ಹಳೆಯ ನಕ್ಷೆಗಳಲ್ಲಿ ದಡದ ಸುತ್ತ ಅಲೆಗಳಂತೆ ಕಾಣುವ ಗೆರೆಗಳಿಗೂ ಇದೇ ಡ್ರಾಪ್ ಶಾಡೋ ಸಾಕು. ಎಕ್ಸ್ 0, ವೈ 0, ಬ್ಲರ್ 0, ಗ್ರೋ ರೇಡಿಯಸ್ (ನೆರಳು ಹೊರಕ್ಕೆ ಹಿಗ್ಗುವ ಅಳತೆ) 4, ಬಣ್ಣ ಕಡು ಕಂದು: ಇದು ದಡದ ಗೆರೆ. ಎರಡನೆಯ ಡ್ರಾಪ್ ಶಾಡೋಗೆ ಗ್ರೋ 12, ನೀರಿನ ಬಣ್ಣ. ಮೂರನೆಯದಕ್ಕೆ ಗ್ರೋ 2, ತಿಳಿ ನೀಲಿ. ಪ್ರತಿ ಫಿಲ್ಟರ್ ಹಿಂದಿನದರ ಫಲಿತಾಂಶದ ಮೇಲೆ ಕೆಲಸ ಮಾಡುವುದರಿಂದ ಉಂಗುರಗಳು ಒಂದರ ಆಚೆ ಒಂದು ಬೆಳೆಯುತ್ತವೆ. ಓಪಾಸಿಟಿಯನ್ನು ಎಲ್ಲದಕ್ಕೂ 1ಕ್ಕೆ ಏರಿಸಿ. ಮೊದಲಿದ್ದ 0.5 ಹಾಗೇ ಬಿಟ್ಟರೆ ಕೆಳಗಿನ ಉಂಗುರದ ಬಣ್ಣ ಮೇಲಿನದರಲ್ಲಿ ಇಣುಕಿ ಎಲ್ಲ ರಾಡಿಯಾಗುತ್ತದೆ.

ನದಿಯನ್ನು ನೆಲದ ಮಾಸ್ಕ್‌ನಲ್ಲೇ ಕಪ್ಪು ಬ್ರಷ್‌ನಿಂದ ಕೊರೆಯುವ ಆಸೆ ಎಲ್ಲರಿಗೂ ಬರುತ್ತದೆ. ಮೇಲಿನ ಗೆರೆ ಎರಡೂ ದಡದಿಂದ 4 ಪಿಕ್ಸೆಲ್ ಬೆಳೆಯುವುದರಿಂದ 8 ಪಿಕ್ಸೆಲ್‌ಗಿಂತ ಕಿರಿದಾದ ನದಿ ಪೂರ್ತಿ ಕಂದಾಗಿ ಮುಚ್ಚಿಹೋಗುತ್ತದೆ. ಅಳಿವೆಯನ್ನಷ್ಟೇ ಮಾಸ್ಕ್‌ನಲ್ಲಿ ಕೊರೆದು, ಮೇಲ್ಗಡೆಯ ಹರಿವನ್ನು ಬೇರೆ ಲೇಯರ್‌ನಲ್ಲಿ ಪಾತ್ ಸ್ಟ್ರೋಕ್ (ಗುರುತಿಸಿದ ಹಾದಿಯುದ್ದಕ್ಕೂ ಬ್ರಷ್ ಗೀರು) ಮಾಡುವುದು ಒಳ್ಳೆಯದು. ‘ಎಮ್ಯುಲೇಟ್ ಬ್ರಷ್ ಡೈನಮಿಕ್ಸ್’ ಟಿಕ್ ಇದ್ದರೆ, ಡೈನಮಿಕ್ಸ್ (ಗೀರಿನ ದಪ್ಪ ಬದಲಾಗುವ ರೀತಿ) ಸರಿಯಾಗಿ ಆರಿಸಿದ್ದರೆ, ನದಿ ಮೂಲದ ಕಡೆ ಸಣ್ಣಗಾಗುತ್ತದೆ. ಕಾಡು, ಮರಳುಗಾಡಿನ ಟೆಕ್ಸ್ಚರ್‌ಗಳಿಗೆ ಕಪ್ಪು ಮಾಸ್ಕ್ ಹಾಕಿ ಒರಟು ಬ್ರಷ್‌ನಿಂದ ಬಿಳಿ ಬಳಿದರೆ ಆಯಿತು. ಅವೂ ಗ್ರೂಪ್‌ನೊಳಗೇ ಇರಲಿ, ಆದರೆ ನೆಲದ ಅಂಚು ಮೀರಿ ಬಳಿದರೆ ಅದೂ ದಡವೆಂದೇ ಲೆಕ್ಕವಾಗಿ ಅಲೆಗಳು ಅದರ ಸುತ್ತ ಸುತ್ತುತ್ತವೆ.

ಒಂದು ಅಂಕ ಕಳೆದಿರುವುದು ವೇಗಕ್ಕೆ. ಗ್ರೂಪ್‌ನೊಳಗೆ ಒಂದು ಗೀರು ಎಳೆದರೂ ಮೇಲಿನ ಫಿಲ್ಟರ್‌ಗಳೆಲ್ಲ ಮತ್ತೆ ಲೆಕ್ಕ ಹಾಕುತ್ತವೆ. ಗ್ರೋ ದೊಡ್ಡದಾದಷ್ಟು ಕಾಯುವುದೂ ಹೆಚ್ಚು. ಮಾಸ್ಕ್ ತಿದ್ದುವಾಗ ಎಫ್ಎಕ್ಸ್ ಪಟ್ಟಿಯಲ್ಲಿ ಕಣ್ಣಿನ ಗುರುತು ಒತ್ತಿ ಫಿಲ್ಟರ್‌ಗಳನ್ನು ಮಲಗಿಸಿಡಿ. ಮಾಸ್ಕ್ ಸುತ್ತ ಹಸಿರು ಚೌಕಟ್ಟು ಕಂಡರೆ ನೀವು ಮಾಸ್ಕ್ ಅನ್ನೇ ನೋಡುತ್ತಿದ್ದೀರಿ (ಆಲ್ಟ್ ಹಿಡಿದು ಕ್ಲಿಕ್), ಕೆಂಪಾದರೆ ಅದು ಆಫ್ ಆಗಿದೆ (ಕಂಟ್ರೋಲ್ ಹಿಡಿದು ಕ್ಲಿಕ್). ‘ಮಾಸ್ಕ್ ಕೆಲಸ ಮಾಡ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಈ ಕೆಂಪು ಚೌಕಟ್ಟೇ.

ಹೆಸರುಗಳನ್ನು ಕನ್ನಡದಲ್ಲಿ ಬರೆಯುವವರಿಗೆ ಗಿಂಪ್ ನಿಜಕ್ಕೂ ಅನುಕೂಲ. ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮದಂಥ ಯೂನಿಕೋಡ್ ಫಾಂಟ್‌ಗಳಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದೆ; ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟ್‌ಗಳನ್ನು ಆರಿಸಿದರೆ ಮಾತ್ರ ಎಡವಟ್ಟು. ಅಕ್ಷರದ ಹಿಂದೆ ಕಾಗದದ ಬಣ್ಣದ ಡ್ರಾಪ್ ಶಾಡೋ, ಎಕ್ಸ್ ವೈ 0, ಗ್ರೋ 3, ಬ್ಲರ್ 4 ಕೊಟ್ಟರೆ ಬೆಟ್ಟದ ಗೆರೆಗಳ ಮೇಲೂ ಊರಿನ ಹೆಸರು ಓದಲು ಬರುತ್ತದೆ, ಪಠ್ಯವನ್ನು ಆಮೇಲೂ ತಿದ್ದಬಹುದು. ಇಂಗ್ಲಿಷ್ ನಕ್ಷೆಗಳಂತೆ ಕಡಲಿನ ಹೆಸರನ್ನು ಅಕ್ಷರ ಅಕ್ಷರ ದೂರ ಎಳೆಯಬೇಡಿ. ಕನ್ನಡದಲ್ಲಿ ಪದ ಚೂರುಚೂರಾಗಿ ಕಾಣುತ್ತದೆ. ಅಕ್ಷರದ ಗಾತ್ರ ಹೆಚ್ಚಿಸಿ, ಲೇಯರ್‌ನ ಓಪಾಸಿಟಿ 60ಕ್ಕೆ ಇಳಿಸುವುದು ಮೇಲು.