ನಮ್ಮ ಏರಿಯಾ ಹೆರಿಗೆ ಆಸ್ಪತ್ರೆಯ ಐಸಿಟಿಸಿ ರೂಮು, ಐದಕ್ಕೆ ಐದು ಸ್ಟಾರ್

ಫಸ್ಟೇ ಹೇಳ್ಬಿಡ್ತೀನಿ, ಇದು ಬೆಂಗಳೂರಿನ ಕಾರ್ಪೊರೇಷನ್ ಹೆರಿಗೆ ಆಸ್ಪತ್ರೆ, ಬೆಳಗ್ಗೆ ಒಂಬತ್ತಕ್ಕೆಲ್ಲಾ ಕ್ಯೂ ಗೇಟ್ ತನಕ ಬಂದಿರುತ್ತೆ, ಟಾಯ್ಲೆಟ್ಟೂ ಅಷ್ಟಕ್ಕಷ್ಟೇ. ಆದ್ರೂ ನನ್ನ ಮಗಳು ಇವತ್ತು ಆರಾಮಾಗಿದಾಳೆ ಅಂದ್ರೆ ಅದು ಇಲ್ಲಿನ ಆ ಪುಟ್ಟ ಐಸಿಟಿಸಿ ರೂಮಿಂದ, ಅಂದ್ರೆ ಎಚ್‌ಐವಿ ಥರದ ಖಾಯಿಲೆಗೆ ಟೆಸ್ಟು, ಆಪ್ತ ಸಮಾಲೋಚನೆ ಮಾಡೋ ರೂಮಿಂದ.

ಮೂರನೇ ತಿಂಗಳಿಂದ ಮನೆ ಹತ್ರದ ಒಂದು ನರ್ಸಿಂಗ್ ಹೋಮ್‌ಗೆ ಹೋಗ್ತಿದ್ದೆ. ಪ್ಯಾಕೇಜ್ ಅಂತ ದುಡ್ಡು ತಗೊಂಡು ಶುಗರ್ರು, ಥೈರಾಯ್ಡು, ಸ್ಕ್ಯಾನು ಎಲ್ಲಾ ಮಾಡಿದ್ರು, ವಿಡಿಆರ್‌ಎಲ್ ಅನ್ನೋ ರಕ್ತದ ಟೆಸ್ಟ್ ಕೂಡ ಮಾಡಿದ್ರು, 'ರಿಯಾಕ್ಟಿವ್', ಅಂದ್ರೆ ಪಾಸಿಟಿವ್, ಅಂತ ಪ್ರಿಂಟೂ ಆಗಿತ್ತು, ಆದ್ರೆ ಎರಡು ತಿಂಗಳು ಅದು ಫೈಲಲ್ಲೇ ಇತ್ತು, ಯಾರೂ ಒಂದು ಮಾತು ಹೇಳ್ಲಿಲ್ಲ. ತಾಯಿ ಕಾರ್ಡ್ ಮಾಡಿಸೋಕೆ ಇಲ್ಲಿಗೆ ಬಂದಾಗ ಸಿಸ್ಟರ್ ಹಾಳೆ ತಿರುವ್ತಾ ತಿರುವ್ತಾ ಅದರ ಮೇಲೆ ಬೆರಳಿಟ್ಟು ನಿಂತ್ಬಿಟ್ರು. ಜೋರಾಗಿ ಏನೂ ಅನ್ಲಿಲ್ಲ. "ಬಾಮ್ಮ, ಒಳಗೆ ಕೂತ್ಕೋ" ಅಂದ್ರು. ಅತ್ತೆ ಎದ್ರೆ "ಅಮ್ಮಾ, ನೀವು ಇಲ್ಲೇ ಟೋಕನ್ ನೋಡ್ಕೊಳಿ" ಅಂತ ಹೊರಗೇ ಕೂರಿಸಿದ್ರು. ಇದೊಂದಕ್ಕೇ ನಾನು ಅವರಿಗೆ ಋಣಿ.

ಒಳಗೆ ಆಪ್ತ ಸಮಾಲೋಚಕಿ ಮೇಡಂ ಬಾಗಿಲು ಹಾಕಿ ನಿಧಾನಕ್ಕೆ ಹೇಳಿದ್ರು, ಇದು ಸಿಫಿಲಿಸ್ ಅನ್ನೋ ಲೈಂಗಿಕ ಖಾಯಿಲೆ ಟೆಸ್ಟು, ಬಸುರಿಲಿ ಒಂದೊಂದ್ಸಲ ಖಾಯಿಲೆ ಇಲ್ದಿದ್ರೂ ಹಿಂಗೆ ಬರುತ್ತೆ, ಖಚಿತ ಮಾಡ್ಕೊಳ್ಳೋಕೆ ಟಿಪಿಎಚ್‌ಎ ಅನ್ನೋ ಇನ್ನೊಂದು ಟೆಸ್ಟ್ ಮಾಡಿ ನೋಡೋಣ ಅಂತ. ಅದೂ ಪಾಸಿಟಿವ್. ನಂಗೆ ಒಂದು ಗುಳ್ಳೆ ಇಲ್ಲ, ನೋವಿಲ್ಲ, ಹೆಂಗೆ ನಂಬೋದು? ಲಕ್ಷಣ ಇಲ್ದೇನೂ ರಕ್ತದಲ್ಲಿ ಇರುತ್ತಂತೆ, ಮಾಸಿನಿಂದ ಮಗೂಗೆ ದಾಟುತ್ತಂತೆ, ಹಂಗೇ ಬಿಟ್ರೆ ಅಬಾರ್ಷನ್ ಆಗ್ಬೋದು, ಮಗು ಹೊಟ್ಟೇಲೇ ಹೋಗ್ಬೋದು, ಹುಟ್ಟಿದ್ರೂ ಮೂಳೆ, ಲಿವರ್, ಕಿವಿಗೆ ತೊಂದ್ರೆ. ಅತ್ತುಬಿಟ್ಟೆ. ಯಾರಿಂದ ಬಂತು ಅಂತ ಮೇಡಂ ಒಂದು ಸಲಾನೂ ಕೇಳ್ಲಿಲ್ಲ, "ಇದಕ್ಕೆ ಮದ್ದಿದೆ, ಟೈಮೂ ಇದೆ" ಅಂದ್ರು.

ಮದ್ದು ಅಂದ್ರೆ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯುನಿಟ್. ಎಷ್ಟು ದಿನದ ಇನ್ಫೆಕ್ಷನ್ ಅಂತ ಗೊತ್ತಿಲ್ದಿದ್ದಕ್ಕೆ ವಾರಕ್ಕೊಂದರಂತೆ ಮೂರು ವಾರ. ಮೊದಲು ಟೆಸ್ಟ್ ಡೋಸ್ ಕೊಟ್ಟು ನೋಡಿ, ಆಮೇಲೆ ಅರ್ಧ ಆ ಕಡೆ ಸೊಂಟಕ್ಕೆ ಅರ್ಧ ಈ ಕಡೆ, ಮದ್ದು ಗಟ್ಟಿ ಇರುತ್ತೆ, ಸೂಜಿ ನಿಧಾನಕ್ಕೆ ಒತ್ತಬೇಕು, ಅವತ್ತೆಲ್ಲಾ ಕೂರೋಕಾಗಲ್ಲ. ಮಧ್ಯೆ ಗ್ಯಾಪ್ ಜಾಸ್ತಿ ಆದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು ಅಂತ ಮೇಡಂ ಪ್ರತಿ ಮಂಗಳವಾರ ಸಂಜೆ ಫೋನ್ ಮಾಡಿ "ನಾಳೆ ಬರ್ತೀಯಲ್ಲಮ್ಮ" ಅಂತ ಕೇಳ್ತಿದ್ರು. ಹೆರಿಗೆಗೆ ಕಮ್ಮಿ ಅಂದ್ರೂ 30 ದಿನ ಮುಂಚೆ ಟ್ರೀಟ್ಮೆಂಟ್ ಶುರುವಾಗಿರ್ಬೇಕಂತೆ, ನಂದು ಐದನೇ ತಿಂಗಳು. ನಮ್ಮನೆಯವರೂ ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿ ಸೀದಾ ಬಂದು ಸೂಜಿ ಹಾಕಿಸ್ಕೊಂಡ್ರು, ಇಲ್ದಿದ್ರೆ ನಂಗೆ ವಾಪಸ್ ಬರುತ್ತೆ ಅಂತ. ಎಲ್ಲಾ ಫ್ರೀ.

ಅಲ್ಲೇ ಎಚ್‌ಐವಿ, ಹೆಪಟೈಟಿಸ್ ಬಿ ಕೂಡ ನೋಡಿದ್ರು. ಎಚ್‌ಐವಿಗೆ ಮೊದಲು ಒಪ್ಪಿಗೆ ಕೇಳಿದ್ರು, 2017ರ ಕಾನೂನು ಇದೆ, ರಿಸಲ್ಟ್ ನಿಮ್ಮನ್ನ ಕೇಳ್ದೆ ಯಾರಿಗೂ ಹೇಳಲ್ಲ ಅಂದ್ರು. ಮದ್ದಿಲ್ದಿದ್ರೆ ನೂರಕ್ಕೆ 15ರಿಂದ 45 ಮಕ್ಕಳಿಗೆ ದಾಟುತ್ತೆ, ಮಾತ್ರೆ ತಗೊಂಡ್ರೆ 5ಕ್ಕಿಂತ ಕಮ್ಮಿ ಅಂತೆ. ಹೆಪಟೈಟಿಸ್‌ಗೆ ಹುಟ್ಟಿದ 24 ಗಂಟೆ ಒಳಗೆ ಮಗೂಗೆ ಲಸಿಕೆ. ನಂಗೆ ಇವೆರಡೂ ಇರ್ಲಿಲ್ಲ.

ಮಗು ಹುಟ್ಟಿದಾಗ ಅವಳ ವಿಡಿಆರ್‌ಎಲ್ ಕೂಡ ರಿಯಾಕ್ಟಿವ್ ಬಂತು, ನನ್ನ ಜೀವ ಬಾಯಿಗೆ ಬಂತು. ಮೇಡಂ ಎರಡೂ ರಿಪೋರ್ಟ್ ಪಕ್ಕ ಪಕ್ಕ ಇಟ್ಟು ತೋರಿಸಿದ್ರು, ನಂದು 1:8, ಅವಳದು 1:2, ಎರಡನೇ ನಂಬರ್ ಚಿಕ್ಕದಾದಷ್ಟೂ ರಕ್ತದಲ್ಲಿ ಆಂಟಿಬಾಡಿ ಕಮ್ಮಿ, ಇದು ನಿನ್ನಿಂದ ಹೋಗಿರೋ ಆಂಟಿಬಾಡಿ ಇರ್ಬೋದು, ಡಾಕ್ಟ್ರು ಮಗೂನ ಪೂರ್ತಿ ಚೆಕ್ ಮಾಡಿದಾರೆ, ಇಳೀತಾ ಹೋಗುತ್ತಾ ನೋಡೋಣ ಅಂತ. ಮೂರು ತಿಂಗಳಿಗೆ 1:1, ಆರು ತಿಂಗಳಿಗೆ ನಾನ್ ರಿಯಾಕ್ಟಿವ್. ಆ ಹಾಳೆ ಲ್ಯಾಮಿನೇಷನ್ ಮಾಡಿಸಿಟ್ಟಿದೀನಿ.

ಹೋಗೋರು ತಾಯಿ ಕಾರ್ಡ್ ಜೊತೆ ಹಳೇ ರಿಪೋರ್ಟೆಲ್ಲಾ ತಗೊಂಡೋಗಿ, ಪ್ರೈವೇಟ್‌ದೂ ಸೇರಿ. ರೂಮು ಲ್ಯಾಬ್ ಪಕ್ಕದ್ದೇ, ಬಾಗಿಲು ಹಾಕಿದ್ರೆ ಒಳಗೆ ಯಾರೋ ಇದಾರೆ ಅಂತ, ಸ್ವಲ್ಪ ಕಾಯಿರಿ.