ಹಲ್ಲು ಕೀಳಿಸಬೇಕು, ರಕ್ತ ತೆಳುವಾಗಿಸುವ ಮಾತ್ರೆ ಏನು ಮಾಡೋದು?

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಹಲ್ಲು ಕೀಳಿಸುವಾಗ ಮೂರು ದಾರಿಗಳಿವೆ: ಮಾತ್ರೆ ಹಾಗೇ ನುಂಗುವುದು, ಒಂದು ಡೋಸ್ ಮುಂದೂಡುವುದು, ಕೆಲವು ದಿನ ನಿಲ್ಲಿಸುವುದು.

ಮೊದಲು ಅಪಾಯ. ಮಾತ್ರೆ ಮುಂದುವರಿಸಿದರೆ ರಕ್ತ ಸ್ವಲ್ಪ ಜಾಸ್ತಿ ಹೊತ್ತು ಒಸರಬಹುದು. ಆದರೆ ಅದು ಕಣ್ಣಿಗೆ ಕಾಣುವ ಜಾಗ. ಗಾಜ್ ಬಟ್ಟೆ (ಗಾಯಕ್ಕೆ ಇಡುವ ತೆಳು ಬಟ್ಟೆ) ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿದಾಗ ಮೆದುಳಿಗೋ ಹೃದಯಕ್ಕೋ ರಕ್ತದ ಹೆಪ್ಪು ಹೋದರೆ ಅದನ್ನು ಬೆರಳಿಂದ ಒತ್ತಿ ಹಿಡಿಯಲು ಆಗಲ್ಲ, ಅಲ್ವಾ?

ಇನ್ನು ಯಾವ ಮಾತ್ರೆ ಅನ್ನೋದು. ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಅಂಕಿ) ಪರೀಕ್ಷೆ ಬೇಕು, ಸಾಧ್ಯವಾದರೆ ಹಲ್ಲು ಕೀಳುವ ಹಿಂದಿನ 24 ಗಂಟೆಯೊಳಗಿನದು. ಅದು 4ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೇ ಕೀಳುತ್ತಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೂಡ ಹಾಗೆಯೇ. ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿಸಿದವರಂತೂ ಸುಮ್ನೆ ನಿಲ್ಲಿಸಲೇಬಾರದು.

ಡೋಸ್ ಮುಂದೂಡುವ ದಾರಿ ಅಪಿಕ್ಸಬಾನ್, ಡಬಿಗಟ್ರಾನ್, ರಿವರೊಕ್ಸಬಾನ್‌ನಂಥ ಮಾತ್ರೆಗಳಿಗೆ ಹೊಂದುತ್ತದೆ. ಇವುಗಳ ಪ್ರಭಾವ ಬೇಗ ಇಳಿಯುತ್ತದೆ. ಒಂದೆರಡು ಹಲ್ಲಿಗೆ ಅದೂ ಬೇಕಿಲ್ಲ. ಹಲವು ಹಲ್ಲು ಒಟ್ಟಿಗೆ ಕೀಳುವಾಗ ಬೆಳಗಿನ ಡೋಸ್ ಬಿಡಿಸುತ್ತಾರೆ ಅಥವಾ ತಡ ಮಾಡಿಸುತ್ತಾರೆ.

ಪೂರ್ತಿ ನಿಲ್ಲಿಸುವುದು ದೊಡ್ಡ ಶಸ್ತ್ರಚಿಕಿತ್ಸೆಗೆ, ಅದೂ ಮಾತ್ರೆ ಬರೆದ ವೈದ್ಯರು ಹೇಳಿದರೆ ಮಾತ್ರ. ಕಿಡ್ನಿ, ಲಿವರ್ ತೊಂದರೆ ಇದ್ದರೆ ಮೊದಲೇ ತಿಳಿಸಿ, ಲೆಕ್ಕ ಬದಲಾಗುತ್ತದೆ.

ಅಪಾಯಿಂಟ್‌ಮೆಂಟ್ ಬೆಳಗ್ಗೆ, ವಾರದ ಶುರುವಿನಲ್ಲಿ ಇರಲಿ. ರಕ್ತ ಮತ್ತೆ ಬಂದರೆ ಹಗಲಲ್ಲೇ ತೋರಿಸಬಹುದು. ನೋವಿಗೆ ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಕೇಳಿ.