ಬೋರ್ಡಿಗೆ ನಾಲ್ಕು ನಕ್ಷತ್ರ, ಅದರ ಬೂಟ್ ಕೋಡಿಗೆ ಒಂದು

ಎಸ್.ಪಿ. ರಸ್ತೆಯ ಅಂಗಡಿಯೊಂದರಿಂದ ಈ 64 ಬಿಟ್ ರಿಸ್ಕ್-ಫೈವ್ (ಮುಕ್ತ ಪ್ರೊಸೆಸರ್ ವಿನ್ಯಾಸ) ಬೋರ್ಡನ್ನು ತಂದು ಎರಡು ತಿಂಗಳಾಯಿತು. 4 ಜಿಬಿ ರ‍್ಯಾಮ್, ಗಟ್ಟಿಯಾದ ಕನೆಕ್ಟರುಗಳು. ಸೀರಿಯಲ್ ಪಿನ್ನುಗಳ ಹೆಸರನ್ನು ಭೂತಗನ್ನಡಿ ಇಲ್ಲದೆಯೂ ಓದಬಹುದು. ತಯಾರಕರ ಮೆಮೊರಿ ಕಾರ್ಡ್ ಹಾಕಿದರೆ ಲಿನಕ್ಸ್ ಮೊದಲ ಸಲಕ್ಕೇ ಎದ್ದಿತು. ಅಷ್ಟು ಸಾಕೆನ್ನುವವರು ಧೈರ್ಯವಾಗಿ ಕೊಳ್ಳಬಹುದು.

ನನಗೆ ಅಷ್ಟು ಸಾಲದು. ಲಿನಕ್ಸಿನ ಗೊಡವೆಯಿಲ್ಲದೆ ನನ್ನದೇ ಪುಟ್ಟ ಪ್ರೋಗ್ರಾಂ ಓಡಿಸಬೇಕಿತ್ತು. ಕಂಪ್ಯೂಟರುಗಳನ್ನು ಅನುಕರಿಸುವ ಕ್ಯೂಎಮು ತಂತ್ರಾಂಶದ ‘ವರ್ಟ್’ ಎಂಬ ಕಲ್ಪಿತ ಯಂತ್ರದಲ್ಲಿ ಪಳಗಿದ ಕೈ ನನ್ನದು. ಅಲ್ಲಿ ರ‍್ಯಾಮ್ ಶುರುವಾಗುವುದೇ ಹೆಕ್ಸ್ (ಹದಿನಾರರ ಎಣಿಕೆ) 80000000ದಿಂದ. ಅಭ್ಯಾಸಬಲದಿಂದ ಇಲ್ಲಿಯೂ 80200000ಕ್ಕೆ ಲೋಡ್ ಮಾಡಿದೆ. ಈ ಬೋರ್ಡಿನ ರ‍್ಯಾಮ್ 40000000ದಿಂದ ಶುರುವಾದರೂ ಆ ವಿಳಾಸ ಅದರೊಳಗೇ ಬರುತ್ತದೆ, ತಕರಾರಿಲ್ಲ. ಆದರೆ ಬೂಟ್ ಲೋಡರ್ (ಮೊದಲು ಎದ್ದು, ಲೋಡಾದ ಪ್ರೋಗ್ರಾಮಿಗೆ ಜಿಗಿಯುವ ಕೋಡ್) ಜಿಗಿಯುವ ಮುನ್ನಿನ ಒಂದು ಸಾಲು ಮುದ್ರಿಸಿ ಉಸಿರು ನಿಲ್ಲಿಸಿತು. ಎರಡು ರಾತ್ರಿ ಕೇಬಲ್ಲನ್ನೂ ಅಡಾಪ್ಟರನ್ನೂ ಬೈದದ್ದಾಯಿತು. ತಯಾರಕರ ಟ್ರ್ಯಾಪ್ ಹ್ಯಾಂಡ್ಲರ್, ಅಂದರೆ ಪ್ರೊಸೆಸರ್ ಎಡವಿದಾಗ ಓಡುವ ಕೋಡ್, ಮಹಾ ಮೌನಿ. ಒಂದೂ ಮಾತಾಡದೆ ಅಲ್ಲೇ ಸುತ್ತುತ್ತದೆ. ಅದರ ಬಾಯಿ ಬಿಡಿಸಿ ಎಡವಿದ ವಿಳಾಸವನ್ನು ಹಿಡಿದಿಡುವ ‘ಎಂಟಿವಾಲ್’ ರಿಜಿಸ್ಟರ್ (ಪ್ರೊಸೆಸರಿನೊಳಗಿನ ಪುಟ್ಟ ಖಾನೆ) ಮುದ್ರಿಸಿದರೆ, 80200000ದ ಮುಂದೆ ಎಂಟು ಎಫ್‌ಗಳು ಸಾಲಾಗಿ ನಿಂತಿವೆ!

ಸಿ ಕಡತದಲ್ಲಿ ಜಿಗಿಯುವ ವಿಳಾಸವನ್ನು ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕವೆಂದು ಘೋಷಿಸಿ, ಅಸೆಂಬ್ಲಿಯ (ಪ್ರೊಸೆಸರಿನದೇ ಆದೇಶಗಳಲ್ಲಿ ಬರೆದ ಕೋಡಿನ) ಕೈಗೆ ಕೊಟ್ಟಿದ್ದಾರೆ. ಅಸೆಂಬ್ಲಿಯೋ ಇಡೀ 64 ಬಿಟ್ ರಿಜಿಸ್ಟರನ್ನೇ ವಿಳಾಸವೆಂದು ನಂಬುತ್ತದೆ. ರಿಸ್ಕ್-ಫೈವ್‌ನ ಕರೆ ನಿಯಮದಲ್ಲಿ (ಒಂದು ಕೋಡ್ ಇನ್ನೊಂದಕ್ಕೆ ಮೌಲ್ಯ ದಾಟಿಸುವ ಕ್ರಮದಲ್ಲಿ) 32 ಬಿಟ್ ಮೌಲ್ಯ, ಅದು ಚಿಹ್ನೆಯಿಲ್ಲದ್ದೇ ಆಗಿರಲಿ, ತನ್ನ ಅತಿ ಮೇಲಿನ ಬಿಟ್ಟನ್ನು ರಿಜಿಸ್ಟರಿನ ಮೇಲರ್ಧಕ್ಕೆಲ್ಲ ಬಳಿದುಕೊಂಡೇ ಹೋಗುತ್ತದೆ. 80200000ದಲ್ಲಿ ಆ ಬಿಟ್ 1. ಅವರ ಲಿನಕ್ಸ್ ಕೂರುವ 40200000ದಲ್ಲಿ ಅದು 0, ಆದ್ದರಿಂದ ಅವರಿಗೆ ಎಲ್ಲವೂ ಸುಗಮ. ಕಡತದ ತಲೆಯ ಟಿಪ್ಪಣಿ ನೋಡಿದರೆ ಇದು ಅವರ ಹಳೆಯ 64 ಬಿಟ್ ಆರ್ಮ್ (ಇನ್ನೊಂದು ಪ್ರೊಸೆಸರ್ ವಿನ್ಯಾಸ) ಬೋರ್ಡಿನಿಂದ ಬಂದ ಬಳುವಳಿ. ಆರ್ಮ್‌ನಲ್ಲಿ 32 ಬಿಟ್ ರಿಜಿಸ್ಟರಿಗೆ ಬರೆದರೆ ಮೇಲರ್ಧ ತಾನಾಗಿ ಸೊನ್ನೆಯಾಗುತ್ತದೆ. ಹುಳುಕು ಅಷ್ಟು ದಿನ ಬೆಚ್ಚಗೆ ಮಲಗಿತ್ತು. ಎಲ್ಲ ಎಚ್ಚರಿಕೆಗಳನ್ನೂ ಹಚ್ಚಿ ಕಂಪೈಲ್ ಮಾಡಿದೆ, ಒಂದೂ ಬರಲಿಲ್ಲ. ಅಸೆಂಬ್ಲಿ ಕಡತದೊಳಕ್ಕೆ ಇಣುಕಲು ಸಿ ಕಂಪೈಲರಿಗೆ ಕಣ್ಣಿಲ್ಲ.

ಘೋಷಣೆಯನ್ನು ‘ಯುಇಂಟ್‌ಪಿಟಿಆರ್_ಟಿ’ ಎಂದು ಬದಲಿಸಿದೆ, ಓಡಿತು. ಇಡೀ ವಿಳಾಸ ಹಿಡಿಸುವ ಈ ಪೂರ್ಣಾಂಕ ಪ್ರಕಾರ 1999ರ ಸಿ ಮಾನಕದಲ್ಲೇ ಬಂದದ್ದು, ಹೊಸ ವಿದ್ಯೆಯೇನಲ್ಲ. ಇನ್ನೊಂದು ತಮಾಷೆ: 40000000ದಿಂದ 4 ಜಿಬಿ ಎಣಿಸಿದರೆ ಕೊನೆಯ 1 ಜಿಬಿ 32 ಬಿಟ್ಟಿನ ಗಡಿಯಾಚೆ ಬೀಳುತ್ತದೆ. ಅಂದರೆ ದುಡ್ಡು ಕೊಟ್ಟ ರ‍್ಯಾಮಿನ ಕಾಲು ಭಾಗಕ್ಕೆ ಈ ಲೋಡರ್ ಜಿಗಿಯುವಂತೆಯೇ ಇರಲಿಲ್ಲ.

ತಯಾರಕರಿಗೆ ತಿದ್ದುಪಡಿ ಕಳುಹಿಸಿದೆ. ‘ನಮ್ಮ ಇಮೇಜ್ ಸರಿಯಾಗಿಯೇ ಓಡುತ್ತಿದೆಯಲ್ಲ’ ಎಂದು ಉತ್ತರ ಬಂತು. ಒಂದು ನಕ್ಷತ್ರ ಅದಕ್ಕೆ.

ಅಂದ ಹಾಗೆ, ಹೀಟ್ ಸಿಂಕ್ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಬೇರೆ ಕೊಳ್ಳಬೇಕು.